ಚೀಲದಲ್ಲಿ ಯಾವುದಿರಲಿ: ಬಂಡೆಗಳ ಸೀಮೆಯಲ್ಲಿ ಚಿತ್ರ ಬರೆಯುತ್ತ ತಿರುಗುವವರಿಗೆ ಸಾಮಗ್ರಿಗಳ ಹೋಲಿಕೆ

ಭಾನುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನಂದಿಯ ಕಡೆಗೋ ಗುಡಿಬಂಡೆಯ ಕಡೆಗೋ ಹೊರಟು ನಿಂತವರ ಹೆಗಲ ಚೀಲದಲ್ಲಿ ನೀರಿನ ಬಾಟಲಿ, ಬುತ್ತಿ, ಟವೆಲ್ಲು ತುಂಬಿದ ಮೇಲೆ ಉಳಿಯುವ ಜಾಗ ಒಂದು ದಪ್ಪ ಪಠ್ಯಪುಸ್ತಕದಷ್ಟು ಮಾತ್ರ. ಅಷ್ಟು ಜಾಗದಲ್ಲಿ ಪೆನ್ಸಿಲ್ ಇಡಬೇಕೇ, ಪೆನ್ನು ಇಡಬೇಕೇ, ಜಲವರ್ಣದ ಡಬ್ಬಿ ಇಡಬೇಕೇ, ಗ್ವಾಶ್ ಎಂಬ ಮಂದ ನೀರುಬಣ್ಣದ ಟ್ಯೂಬುಗಳನ್ನು ತುಂಬಬೇಕೇ ಎಂಬುದು ಈ ಬರಹದ ವಿಷಯ. ಅಂಗಡಿಯಲ್ಲಿ ಕೇಳಿದರೆ ಎಲ್ಲವೂ ಬೇಕು ಎನ್ನುತ್ತಾರೆ. ನಾನೂ ಕೆಲವು ವರ್ಷ ಎಲ್ಲವನ್ನೂ ಹೊತ್ತು ತಿರುಗಿ, ಬೆಟ್ಟದ ಮೆಟ್ಟಿಲು ಹತ್ತುವಾಗ ಒಂದೊಂದನ್ನೇ ಬೈದುಕೊಂಡು, ಮುಂದಿನ ಸಲ ಒಂದೊಂದನ್ನೇ ಮನೆಯಲ್ಲಿ ಬಿಟ್ಟು ಬಂದವನು. ಹಾಗೆ ಬಿಟ್ಟಿದ್ದೇನು, ಉಳಿಸಿಕೊಂಡಿದ್ದೇನು, ಯಾವ ಕಾರಣಕ್ಕೆ ಎಂಬುದನ್ನು ಇಲ್ಲಿ ಹೋಲಿಸಿ ಹೇಳುತ್ತೇನೆ.

ಸಾಮಗ್ರಿಯ ಹೆಸರು ಎತ್ತುವ ಮೊದಲು ಮೂರು ಸಂಗತಿಗಳನ್ನು ಕೇಳಿಕೊಳ್ಳಬೇಕು. ಕೂರಲು ಎಷ್ಟು ಹೊತ್ತು ಸಿಗುತ್ತದೆ? ಆ ಹೊತ್ತಿನಲ್ಲಿ ಅಲ್ಲಿ ಗಾಳಿ ಒಣಗಿರುತ್ತದೆಯೋ ತೇವವಾಗಿರುತ್ತದೆಯೋ? ಕಣ್ಣ ಮುಂದಿರುವುದು ಗೆರೆಯಲ್ಲಿ ಸಿಗುವ ವಸ್ತುವೋ ಬಣ್ಣದಲ್ಲಿ ಸಿಗುವ ವಸ್ತುವೋ? ಮೊದಲ ಎರಡು ಪ್ರಶ್ನೆಗಳು ಯಾರಿಗಾದರೂ ಹೊಳೆಯುತ್ತವೆ. ಮೂರನೆಯದು ತಡವಾಗಿ ಹೊಳೆಯುತ್ತದೆ. ಶಿಡ್ಲಘಟ್ಟದ ಕಡೆಯ ಹಳ್ಳಿಗಳಲ್ಲಿ ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಚಂದ್ರಿಕೆಯನ್ನು ಮನೆಯ ಗೋಡೆಗೆ ಒರಗಿಸಿ ಬಿಸಿಲಿಗೆ ಇಟ್ಟಿರುತ್ತಾರೆ. ಬಿದಿರ ಚಾಪೆಯ ಮೇಲೆ ಬಿದಿರ ಪಟ್ಟಿಯೊಂದು ಸುತ್ತಿ ಸುತ್ತಿ ನಡುವಿಗೆ ಹೋಗಿ ಸೇರುವ ಆ ವಸ್ತು ಆಳದಲ್ಲಿ ಒಂದೇ ಒಂದು ಗೆರೆ; ಅದಕ್ಕೆ ಬಣ್ಣದ ಡಬ್ಬಿ ತೆರೆಯುವುದು ದಂಡ. ಸಂಜೆಯ ಹೊತ್ತು ಗುಡಿಬಂಡೆಯ ಬೆಟ್ಟದ ಮೇಲಿಂದ ಕಾಣುವ ಅಮಾನಿ ಬೈರಸಾಗರ ಕೆರೆಯ ನೀರಿಗಾದರೋ ಹಿಡಿಯಲು ಗೆರೆಯೇ ಇಲ್ಲ. ದಡ ಎಲ್ಲಿ ಮುಗಿಯಿತು, ಹೊಳಪು ಎಲ್ಲಿ ಶುರುವಾಯಿತು ಎಂಬುದನ್ನು ಬಣ್ಣವೇ ಹೇಳಬೇಕು. ನಮ್ಮ ಸೀಮೆಯ ಬಂಡೆಗಳು ಈ ಎರಡರ ನಡುವೆ ಬರುತ್ತವೆ. ಅವಕ್ಕೆ ಅಂಚೂ ಇದೆ, ಮೈಯೂ ಇದೆ. ಇಲ್ಲಿ ತಿರುಗುವವರ ತೊಡಕು ಹುಟ್ಟುವುದೂ ಅಲ್ಲಿಯೇ.

ಪೆನ್ಸಿಲ್

ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಕಡ್ಡಿ ಮಾಡುವ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಜಾಕ್ ಕೊಂತೆ ಪೇಟೆಂಟ್ ಪಡೆದದ್ದು 1795ರಲ್ಲಿ. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿಯಾಗಿ ಗೆರೆ ತೆಳುವಾಗುತ್ತದೆ, ಅದು ಎಚ್ ಸಾಲು. ಗ್ರಾಫೈಟ್ ಹೆಚ್ಚಾದರೆ ಮೆತ್ತಗಾಗಿ ಕಪ್ಪಾಗುತ್ತದೆ, ಅದು ಬಿ ಸಾಲು. ಅಪ್ಸರಾ, ನಟರಾಜ್, ಕ್ಯಾಮ್ಲಿನ್ ಯಾವುದಾದರೂ ಸರಿ, ತಿರುಗಾಟಕ್ಕೆ ಒಂದು ಎಚ್‌ಬಿ, ಒಂದು 4ಬಿ ಸಾಕು. ಹನ್ನೆರಡು ಪೆನ್ಸಿಲ್ಲುಗಳ ತಗಡಿನ ಡಬ್ಬಿ ಉಡುಗೊರೆಗೆ ಚೆಂದ, ಚೀಲಕ್ಕೆ ಭಾರ.

ಪೆನ್ಸಿಲ್ಲಿನ ದೊಡ್ಡ ಗುಣವೆಂದರೆ ಬಸ್ಸು ಕುಲುಕಿದಾಗ ತಪ್ಪಿದ ಗೆರೆಯನ್ನು ಅಳಿಸಬಹುದು, ನೀರು ಬೇಡ, ಒಣಗುವ ತನಕ ಕಾಯುವುದು ಬೇಡ, ನಿಂತುಕೊಂಡೇ ಬರೆಯಬಹುದು. ದೋಷ ಎರಡು. ಒಂದು, ಗ್ರಾಫೈಟ್‌ಗೆ ತನ್ನದೇ ಹೊಳಪಿದೆ. ಬಂಡೆಯ ಕೆಳಗಿನ ಕಡುನೆರಳನ್ನು ಒತ್ತಿ ಒತ್ತಿ ಕಪ್ಪು ಮಾಡಿದರೆ ಆ ಭಾಗ ತಿಕ್ಕಿದ ಸ್ಟೀಲ್ ಪಾತ್ರೆಯಂತೆ ಮಿನುಗಿ, ಆಳವಾಗಿ ಕಾಣಬೇಕಾದದ್ದು ಮೇಲಕ್ಕೆ ಎದ್ದು ಬರುತ್ತದೆ. ಎರಡು, ಚೀಲದಲ್ಲಿ ಹಾಳೆಗೆ ಹಾಳೆ ಉಜ್ಜಿ, ಮನೆ ತಲುಪುವ ಹೊತ್ತಿಗೆ ಎರಡೂ ಚಿತ್ರ ಮಸಿಯಾಗಿರುತ್ತವೆ. ನಡುವೆ ಬೆಣ್ಣೆಕಾಗದ ಇಟ್ಟರೆ ಎರಡನೆಯ ದೋಷ ನೀಗುತ್ತದೆ, ಮೊದಲನೆಯದು ನೀಗುವುದಿಲ್ಲ. ಆದ್ದರಿಂದ ಹೊಸದಾಗಿ ಕಲಿಯುವವರಿಗೆ ಪೆನ್ಸಿಲ್ ಸರಿ, ಬಂಡೆಯ ಭಾರ ತೋರಿಸಬೇಕೆನ್ನುವವರಿಗೆ ಸಾಲದು. ಇನ್ನೊಂದು ಮಾತು: ಅಳಿಸಲು ಬರುತ್ತದೆ ಎಂಬ ಧೈರ್ಯದಲ್ಲಿ ಅರ್ಧ ಗಂಟೆ ಅಳಿಸುತ್ತಲೇ ಕೂತು ಬಸ್ಸು ತಪ್ಪಿಸಿಕೊಂಡವರನ್ನು ನಾನು ಬಲ್ಲೆ, ಅವರಲ್ಲಿ ನಾನೂ ಒಬ್ಬ.

ಪೆನ್ನು ಮತ್ತು ಶಾಯಿ

ಪೆನ್ನು ಎಂದರೆ ನಾಲ್ಕು ಬೇರೆ ಬೇರೆ ಸಾಮಗ್ರಿಗಳು. ಬಾಲ್‌ಪೆನ್ನು, ಜೆಲ್ ಪೆನ್ನು, ಇಂಕ್ ಪೆನ್ನು, ಪಿಗ್ಮೆಂಟ್ ಲೈನರ್ ಇವುಗಳ ಮೇಲೆ ನೀರು ಬಿದ್ದಾಗ ಏನಾಗುತ್ತದೆ ಎಂಬುದರ ಮೇಲೆಯೇ ಆಯ್ಕೆ ನಿಂತಿದೆ. ಇದನ್ನು ನಾನು ಕಲಿತದ್ದು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಲ್ಲಿ.

ಅಲ್ಲಿ ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳ ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿಯಿದೆ. ಅದರ ಕಲ್ಯಾಣ ಮಂಟಪದ ಕಂಬಗಳು ಕಪ್ಪು ಕಲ್ಲಿನವು. ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಸ್ವಾಹಾದೇವಿ ಹೀಗೆ ದಂಪತಿಗಳ ಉಬ್ಬುಶಿಲ್ಪ, ಸುತ್ತ ಬಳ್ಳಿ, ಬಳ್ಳಿಯ ನಡುವೆ ಹಕ್ಕಿ. ಶಾಲೆಯ ದಿನಗಳ ಇಂಕ್ ಪೆನ್ನಿಗೆ ಮಾಮೂಲಿ ಕಪ್ಪು ಶಾಯಿ ತುಂಬಿಕೊಂಡು ಒಂದು ಕಂಬವನ್ನು ಒಂದೂವರೆ ಗಂಟೆ ಕೂತು ಬರೆದೆ. ಗೆರೆ ಚೆನ್ನಾಗಿಯೇ ಬಂದಿತ್ತು. ನೆರಳಿಗೆಂದು ಕುಂಚದಲ್ಲಿ ತೆಳುವಾದ ಬಣ್ಣ ಎಳೆದ ಕೂಡಲೇ ಬಳ್ಳಿ, ಹಕ್ಕಿ, ಸ್ವಾಹಾದೇವಿಯ ಮುಖ ಎಲ್ಲವೂ ಕರಗಿ ನೇರಳೆ ನೀರಾಗಿ ಕೆಳಕ್ಕೆ ಹರಿದವು. ಪಕ್ಕದಲ್ಲಿ ಕೂತು ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ಬಗ್ಗಿ ನೋಡಿ, "ಕಂಬ ಅಷ್ಟು ಕಪ್ಪಗಿದೆಯಲ್ಲಪ್ಪ, ನೀನ್ಯಾಕೆ ಊದಾ ಮಾಡಿದೆ?" ಎಂದರು. ಬರೆಯುವ ಶಾಯಿಗಳಲ್ಲಿ ಬಹುಪಾಲು ನೀರಿನಲ್ಲಿ ಕರಗಿದ ಬಣ್ಣಗಳು. ಕಪ್ಪು ಎಂದು ಕಾಣುವುದು ಎರಡು ಮೂರು ಬಣ್ಣಗಳ ಬೆರಕೆ, ನೀರು ಸೋಕಿದರೆ ಬೆರಕೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಆ ಅಜ್ಜಿಗೆ ವಿವರಿಸುವ ಮನಸ್ಸು ನನಗೆ ಆಗ ಇರಲಿಲ್ಲ.

ಹಾಗಾಗಿ ಗೆರೆಯ ಮೇಲೆ ಬಣ್ಣ ಹಚ್ಚುವ ಯೋಚನೆ ಇರುವವರು ಕಾರ್ಬನ್ ಅಥವಾ ಬೇರೆ ಪಿಗ್ಮೆಂಟ್ ಕಣಗಳಿರುವ ಶಾಯಿಯನ್ನೇ ಹುಡುಕಬೇಕು. ಅದರಲ್ಲಿ ಬಣ್ಣ ಕರಗಿರುವುದಿಲ್ಲ, ನುಣ್ಣನೆಯ ಪುಡಿಯಾಗಿ ತೇಲುತ್ತಿರುತ್ತದೆ. ಒಣಗಿ ಕಾಗದಕ್ಕೆ ಅಂಟಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಇಂಥ ಶಾಯಿಯನ್ನು ತುಂಬಿಸಿಯೇ ಮಾರುವ ಪೆನ್ನು ಪಿಗ್ಮೆಂಟ್ ಲೈನರ್. ಜಪಾನಿನ ಸಕುರಾ ಕಂಪನಿಯ ಪಿಗ್ಮಾ ಮೈಕ್ರಾನ್ 1982ರಲ್ಲಿ ಬಂತು. ಈಗ ಸ್ಟೆಡ್ಲರ್, ಯೂನಿ, ಬ್ರಸ್ಟ್ರೋ ಹೀಗೆ ಹಲವು ಹೆಸರಿನವು ಸಿಗುತ್ತವೆ. ಮೈಕ್ರಾನ್ ಮೇಲಿನ ಅಂಕಿ ಗೆರೆಯ ದಪ್ಪವನ್ನು ನೇರವಾಗಿ ಹೇಳುವುದಿಲ್ಲ: 01 ಎಂದರೆ 0.25 ಮಿ.ಮೀ., 05 ಎಂದರೆ 0.45 ಮಿ.ಮೀ. ಶಿಲ್ಪದ ಕುಸುರಿಗೆ 01, ಬಂಡೆಯ ಅಂಚಿಗೆ 05 ಎಂದು ಎರಡಿದ್ದರೆ ಸಾಕು.

ಲೈನರ್ ಹಾಗೂ ಇಂಕ್ ಪೆನ್ನುಗಳ ನಡುವೆ ಆರಿಸುವುದಾದರೆ, ವಾರಕ್ಕೊಮ್ಮೆಯೂ ಬರೆಯದವರಿಗೆ ಲೈನರ್ ಒಳ್ಳೆಯದು, ಏಕೆಂದರೆ ಪಿಗ್ಮೆಂಟ್ ಶಾಯಿ ತುಂಬಿದ ಇಂಕ್ ಪೆನ್ನನ್ನು ಬಳಸದೆ ಬಿಟ್ಟರೆ ನಿಬ್ಬಿನ ಕೆಳಗಿನ ನಾಲಗೆಯಲ್ಲಿ ಒಣಗಿ ಕಟ್ಟಿಕೊಳ್ಳುತ್ತದೆ. ದಿನವೂ ಬರೆಯುವವರಿಗೆ ಇಂಕ್ ಪೆನ್ನಿನ ಗೆರೆಯಲ್ಲಿ ಒತ್ತಿದರೆ ದಪ್ಪ, ಬಿಟ್ಟರೆ ತೆಳುವಾಗುವ ಜೀವವಿದೆ, ಅದು ಲೈನರ್‌ನಲ್ಲಿ ಇಲ್ಲ; ಲೈನರ್ ಮುಗಿದರೆ ಎಸೆಯಬೇಕು, ಒರಟು ಕಾಗದದ ಮೇಲೆ ಅದರ ಮೊನೆ ಬೇಗ ಸವೆಯುತ್ತದೆ. ಬಾಟಲಿಯಲ್ಲಿ ಸಿಗುವ ಅರಗು ಬೆರೆತ ಡ್ರಾಯಿಂಗ್ ಇಂಕನ್ನು ಮಾತ್ರ ಯಾವ ಕಾರಣಕ್ಕೂ ಇಂಕ್ ಪೆನ್ನಿಗೆ ತುಂಬಬಾರದು. ಅದು ಅದ್ದಿ ಬರೆಯುವ ನಿಬ್ಬಿಗೆ ಮಾಡಿದ್ದು. ಜೆಲ್ ಪೆನ್ನುಗಳಲ್ಲಿ ಹೆಚ್ಚಿನವು ನೀರಿಗೆ ಹರಡುತ್ತವೆ, ಅವನ್ನು ಬಿಡಬಹುದು.

ಬಾಲ್‌ಪೆನ್ನಿನ ಪರವಾಗಿ ಎರಡು ಮಾತು ಹೇಳದಿದ್ದರೆ ಅನ್ಯಾಯ. ಅದರ ಶಾಯಿ ಎಣ್ಣೆಯಂಥ ದ್ರಾವಣದಲ್ಲಿರುವುದರಿಂದ ನೀರಿಗೆ ಬಹುಮಟ್ಟಿಗೆ ಅಲುಗುವುದಿಲ್ಲ. ಹಗುರವಾಗಿ ಎಳೆದರೆ ಪೆನ್ಸಿಲ್ಲಿನಂತೆ ಬೂದು, ಒತ್ತಿದರೆ ಕಡುನೀಲಿ ಅಥವಾ ಕಪ್ಪು, ಹೀಗೆ ಹಲವು ಛಾಯೆಗಳು ಒಂದೇ ಮೊನೆಯಿಂದ ಬರುತ್ತವೆ. ಕುಲುಕುವ ಬಸ್ಸಿನಲ್ಲಿ ಸೋರುವುದಿಲ್ಲ. ಕಳೆದುಹೋದರೆ ಮುಂದಿನ ಊರಿನ ಕಿರಾಣಿ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಬಿಸಿಲು ಬೆಳಕಿಗೆ ವರ್ಷಗಳಲ್ಲಿ ಮಾಸುತ್ತದೆ ಎಂಬುದೊಂದು ಕೊರತೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಬೇಡ, ಮುಚ್ಚಿಡುವ ಪುಸ್ತಕಕ್ಕೆ ಧಾರಾಳವಾಗಿ ಆಗುತ್ತದೆ.

ಜಲವರ್ಣ

ಬಣ್ಣದ ಪುಡಿ, ಅದನ್ನು ಹಿಡಿದಿಡುವ ಗೋಂದು, ಎರಡೂ ಸೇರಿದ್ದೇ ಜಲವರ್ಣ. ಬಿಳಿ ಬಣ್ಣ ಹಚ್ಚುವ ಪದ್ಧತಿ ಇದರಲ್ಲಿ ಇಲ್ಲವೆಂದೇ ಹೇಳಬಹುದು. ಬೆಳಕು ಬೇಕಾದ ಕಡೆ ಕಾಗದವನ್ನು ಖಾಲಿ ಬಿಡಬೇಕು. ಇದೇ ಕಾರಣಕ್ಕೆ ಹೊಸಬರಿಗೆ ಇದು ಕಷ್ಟ ಎನ್ನುತ್ತಾರೆ, ನಿಜವೂ ಹೌದು. ಆದರೂ ನಮ್ಮ ಸೀಮೆಯಲ್ಲಿ ತಿರುಗುವವರಿಗೆ ಇದನ್ನೇ ಕಲಿಯಿರಿ ಎಂದು ನಾನು ಹೇಳುವುದಕ್ಕೆ ಬಂಡೆಯೇ ಕಾರಣ.

ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದನ್ನು ಬೆರೆಸಿದರೆ ಬೂದು ಬಣ್ಣ ಬರುತ್ತದೆ. ನೀಲಿ ಹೆಚ್ಚಾದರೆ ಮಳೆಗೆ ನೆನೆದ ಬಂಡೆ, ಕೆಂಪು ಹೆಚ್ಚಾದರೆ ಸಂಜೆ ಬಿಸಿಲಿನ ಬಂಡೆ. ಇಷ್ಟಕ್ಕೇ ಮುಗಿಯುವುದಿಲ್ಲ. ಅಲ್ಟ್ರಾಮರೀನಿನ ಕಣಗಳು ಗುಂಪುಗುಂಪಾಗಿ ಸೇರುವ ಸ್ವಭಾವದವು. ನೀರು ಜಾಸ್ತಿಯಾಗಿ ಹಚ್ಚಿ ಹಾಳೆಯನ್ನು ಸಮವಾಗಿಟ್ಟು ಸುಮ್ಮನೆ ಬಿಟ್ಟರೆ ಆ ಕಣಗಳು ಕಾಗದದ ತಗ್ಗುಗಳಲ್ಲಿ ಹೋಗಿ ಕೂರುತ್ತವೆ, ಕೆಂಗಂದು ದಿಣ್ಣೆಗಳ ಮೇಲೆ ಉಳಿಯುತ್ತದೆ. ಒಣಗಿದ ಮೇಲೆ ಹತ್ತಿರದಿಂದ ನೋಡಿದರೆ ಬೂದು ಮೈಯ ಮೇಲೆ ನೀಲಿ ಚುಕ್ಕೆ, ಕಂದು ಚುಕ್ಕೆ, ಅಲ್ಲಲ್ಲಿ ಕಾಗದದ ಬಿಳಿ. ಗ್ರಾನೈಟ್ ಕಲ್ಲನ್ನು ಅಂಗೈಯಲ್ಲಿ ಹಿಡಿದು ನೋಡಿದಾಗ ಕಾಣುವುದೂ ಅದೇ. ನಾನು ಒಂದು ಚುಕ್ಕೆಯನ್ನೂ ಇಟ್ಟಿರುವುದಿಲ್ಲ, ನೀರು ಇಟ್ಟಿರುತ್ತದೆ. ಪೆನ್ನಿನಲ್ಲಿ ಇದನ್ನು ಚುಕ್ಕೆ ಚುಕ್ಕೆ ಇಟ್ಟು ತೋರಿಸಲು ಮಧ್ಯಾಹ್ನವಿಡೀ ಬೇಕು, ಗ್ವಾಶ್‌ನಲ್ಲಿ ಬರುವುದೇ ಇಲ್ಲ.

ಈ ಎರಡರ ಜತೆಗೆ ಯೆಲ್ಲೋ ಓಕರ್ ಎಂಬ ಮಣ್ಣುಹಳದಿ ಒಂದು, ಲೆಮನ್ ಯೆಲ್ಲೋ ಒಂದು ಇದ್ದರೆ ಈ ಜಿಲ್ಲೆಯ ಹೊರಗೆ ಹೋಗುವವರೆಗೆ ಬೇರೆ ಬಣ್ಣ ಬೇಕಾಗುವುದಿಲ್ಲ. ನೀಲಗಿರಿ ತೋಪಿನ ಬೂದು ಹಸಿರು ಅಲ್ಟ್ರಾಮರೀನ್ ಮತ್ತು ಓಕರಿನಿಂದ ಬರುತ್ತದೆ. ಮಳೆಗಾಲದ ಕೊನೆಗೆ ರಾಗಿ ಹೊಲದ ಸಾಲಿನಲ್ಲಿ ಅರಳುವ ಹುಚ್ಚೆಳ್ಳಿನ ಹಳದಿಗೆ ಲೆಮನ್ ಬೇಕೇ ಬೇಕು. ಇಪ್ಪತ್ತನಾಲ್ಕು ಬಣ್ಣಗಳ ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಎಲೆಹಸಿರು ನಮ್ಮ ಒಣಸೀಮೆಯ ಯಾವ ಮರದಲ್ಲೂ ಇಲ್ಲ.

ಈ ಬಣ್ಣವನ್ನು ಯಾವ ರೂಪದಲ್ಲಿ ಕೊಳ್ಳಬೇಕು? ಮಕ್ಕಳ ಕೇಕ್ ಬಣ್ಣ ಎಲ್ಲ ಊರಲ್ಲೂ ಸಿಗುತ್ತದೆ, ಅಗ್ಗ. ಆದರೆ ಅದರಲ್ಲಿ ಬಣ್ಣದ ಪುಡಿಗಿಂತ ತುಂಬುಪದಾರ್ಥ ಹೆಚ್ಚು, ಮೇಲೆ ಹೇಳಿದ ಕಣಕಣದ ಗುಣ ಅದರಲ್ಲಿ ಕಾಣುವುದಿಲ್ಲ. ಆರ್ಟಿಸ್ಟ್ ದರ್ಜೆಯ ಟ್ಯೂಬುಗಳನ್ನು ನಾಲ್ಕೇ ನಾಲ್ಕು ಕೊಂಡು, ಹಾಫ್ ಪ್ಯಾನ್ ಎಂದು ಮಾರುವ ಖಾಲಿ ಪ್ಲಾಸ್ಟಿಕ್ ತಟ್ಟೆಗಳಿಗೆ ಹಿಂಡಿ, ಒಂದೆರಡು ದಿನ ಒಣಗಿಸಿ, ಹಳೆಯ ಮಿಠಾಯಿ ಡಬ್ಬಿಯಲ್ಲಿ ಕೂರಿಸಿದರೆ ಸಿದ್ಧ ಪೆಟ್ಟಿಗೆಗಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಕಾಲ ಬರುತ್ತದೆ. ಟ್ಯೂಬನ್ನೇ ಬೆಟ್ಟಕ್ಕೆ ಒಯ್ಯುವುದು ಬೇಡ. ಮುಚ್ಚಳ ಉರುಳಿ ಹೋದ ಟ್ಯೂಬಿನ ಗತಿ ಚೀಲದಲ್ಲಿರುವ ಚಪಾತಿಗೆ ತಿಳಿಯುತ್ತದೆ.

ಕುಂಚದ ವಿಷಯದಲ್ಲಿ, ಹಿಡಿಯಲ್ಲೇ ನೀರು ತುಂಬಿಕೊಳ್ಳುವ ವಾಟರ್ ಬ್ರಶ್ ಬಸ್ಸಿಗೂ ರೈಲಿಗೂ ಅನುಕೂಲ, ಬೆಟ್ಟದ ಗಾಳಿಗೆ ನೀರಿನ ಬಟ್ಟಲು ಮಗುಚುವ ಭಯವಿಲ್ಲ. ಆದರೆ ಅದರಲ್ಲಿ ದೊಡ್ಡ ಆಕಾಶವನ್ನು ಒಂದೇ ಎಳೆತಕ್ಕೆ ಹಚ್ಚಲಾಗುವುದಿಲ್ಲ, ಬೇಡದಾಗ ಒಂದು ಹನಿ ಜಾಸ್ತಿ ಇಳಿಯುತ್ತದೆ. 8ನೇ ನಂಬರಿನ ಒಂದು ದುಂಡು ಕುಂಚ, ಔಷಧಿಯ ಚಿಕ್ಕ ಬಾಟಲಿಯಲ್ಲಿ ನೀರು, ಇದು ನನ್ನ ಈಗಿನ ವ್ಯವಸ್ಥೆ. ವಾಟರ್ ಬ್ರಶ್ಶನ್ನು ಕೊಂಡದ್ದಕ್ಕೆ ವಿಷಾದವಿಲ್ಲ, ಮೊದಲ ವರ್ಷ ಅದೇ ಕೈ ಹಿಡಿಯಿತು.

ಇನ್ನು ಒಣಗುವ ಮಾತು. ಮಾರ್ಚ್ ತಿಂಗಳ ಮಧ್ಯಾಹ್ನ ಕುಂಚ ಹಾಳೆಯ ಈ ತುದಿಯಿಂದ ಆ ತುದಿ ತಲುಪುವ ಮೊದಲೇ ಈ ತುದಿ ಒಣಗಿ ಗೆರೆ ಬಿದ್ದಿರುತ್ತದೆ. ಡಿಸೆಂಬರಿನ ಬೆಳಗಿನ ಜಾವ 1478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ಮಂಜು ಕವಿದಿರುವಾಗ ಮೊದಲ ಪದರ ಒಣಗಲೇ ಒಲ್ಲದು. ಊದಿ ಊದಿ ಬಾಯಿ ನೋಯುತ್ತದೆ. ಬೇಸಿಗೆಗೆ ಮದ್ದು ಹಾಳೆಯನ್ನು ಚಿಕ್ಕದು ಮಾಡಿಕೊಳ್ಳುವುದು, ನೆರಳಿನಲ್ಲಿ ಕೂರುವುದು. ಮಂಜಿಗೆ ಮದ್ದು ಬೇಕಿಲ್ಲ. ಒಣಗದ ಹಾಳೆಯ ಮೇಲೆಯೇ ಇನ್ನೊಂದು ಬಣ್ಣ ಬಿಟ್ಟರೆ ಅದು ತಾನಾಗಿ ಹರಡಿ ಅಂಚಿಲ್ಲದ ಬೆಟ್ಟವಾಗುತ್ತದೆ. ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು ಬಂದ ಕೆ. ವೆಂಕಟಪ್ಪನವರು (1886–1965) ಊಟಿಯ ಮಂಜನ್ನು ಹಿಡಿದದ್ದು ಜಲವರ್ಣದಲ್ಲಿಯೇ. ಕಾಗದ ಕೊಳ್ಳಲು ಬೆಂಗಳೂರಿಗೆ ಹೋದವರು ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನಲ್ಲಿರುವ ಕಲಾ ಗ್ಯಾಲರಿಗೂ ಹೋಗಿ ವಿಚಾರಿಸಿದರೆ ಪ್ರಯಾಣ ಸಾರ್ಥಕ.

ಗ್ವಾಶ್ ಮತ್ತು ಉಳಿದವು

ಗ್ವಾಶ್ ಜಲವರ್ಣದ ಅಣ್ಣ ತಮ್ಮಂದಿರಲ್ಲೇ ಒಂದು: ಅದೇ ಗೋಂದು, ಅದೇ ನೀರು, ಆದರೆ ಮೈ ಕಾಣದಂತೆ ಮುಚ್ಚುವ ಬಣ್ಣ. ಶಾಲೆಯಲ್ಲಿ ಬಾಟಲಿಯಿಂದ ತೆಗೆದು ಹಚ್ಚಿದ ಪೋಸ್ಟರ್ ಕಲರ್ ನೆನಪಿದ್ದವರಿಗೆ ಇದರ ಸ್ವಭಾವ ಅರ್ಧ ಗೊತ್ತಿದೆ. ಕಪ್ಪಿನ ಮೇಲೆ ಬಿಳಿ ಹಚ್ಚಬಹುದು, ತಪ್ಪನ್ನು ಮುಚ್ಚಬಹುದು, ಸಾಧಾರಣ ಕಾಗದದ ಮೇಲೂ ಕೂರುತ್ತದೆ. ಬೈರಸಾಗರದ ನೀರಿನ ಮೇಲೆ ಕೊನೆಯ ಹೊಳಪನ್ನು ಇಡುವಾಗ ಜಲವರ್ಣದವರು ಮೊದಲೇ ಕಾಗದ ಬಿಟ್ಟಿರಬೇಕು. ಗ್ವಾಶಿನವರು ಎಲ್ಲ ಮುಗಿದ ಮೇಲೆ ಒಂದು ಬಿಳಿಯ ಗೀಟು ಎಳೆದು ಎದ್ದು ಬರಬಹುದು. ಈ ಸೌಕರ್ಯದ ಬೆಲೆ ಹೀಗಿದೆ: ತಿಳಿ ಬಣ್ಣಗಳು ಒಣಗಿದಾಗ ತುಸು ಕಪ್ಪಾಗುತ್ತವೆ, ಕಡು ಬಣ್ಣಗಳು ತುಸು ತಿಳಿಯಾಗುತ್ತವೆ, ಹಾಗಾಗಿ ಹಚ್ಚಿದ್ದು ಒಂದು, ಮನೆಯಲ್ಲಿ ಕಾಣುವುದು ಇನ್ನೊಂದು; ದಪ್ಪಗೆ ಹಚ್ಚಿದರೆ ಹಾಳೆ ಬಾಗಿದಾಗ ಬಿರಿಯುತ್ತದೆ; ತಟ್ಟೆಯಲ್ಲಿ ಒಣಗಿಸಿಟ್ಟರೆ ಕೆರೆಯ ತಳದಂತೆ ಒಡೆಯುತ್ತದೆ, ಆದ್ದರಿಂದ ಟ್ಯೂಬುಗಳನ್ನೇ ಹೊರಬೇಕು. ಸಂಜೆಯ ಬೆಳಕು, ಬಣ್ಣಬಣ್ಣದ ಜಾತ್ರೆ, ಸುಣ್ಣ ಬಳಿದ ಗುಡಿ ಇವನ್ನು ಮೆಚ್ಚುವವರಿಗೆ ಗ್ವಾಶ್; ಬಂಡೆ ಮಂಜು ಮೆಚ್ಚುವವರಿಗೆ ಜಲವರ್ಣ.

ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು. ಹಸಿ ಚಿತ್ರವನ್ನು ಹಿಡಿದು ಬಸ್ಸಿನ ಜನಸಂದಣಿಯಲ್ಲಿ ನಿಂತವರ ಪಾಡು ಊಹಿಸಿಕೊಳ್ಳಿ. (ಹಿಂಡುವ ತಗಡಿನ ಟ್ಯೂಬಿಗೆ ಅಮೆರಿಕದ ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ ಪೇಟೆಂಟ್ ಪಡೆಯುವ ಮೊದಲು ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಒಯ್ಯುತ್ತಿದ್ದರಂತೆ, ನಮ್ಮ ಕಷ್ಟ ಅಷ್ಟಿಲ್ಲ.) ಅಕ್ರಿಲಿಕ್ ಬೇಗ ಒಣಗುತ್ತದೆ, ಕುಂಚದಲ್ಲಿಯೂ ಒಣಗುತ್ತದೆ. ಆಯಿಲ್ ಪೇಸ್ಟಲ್ ಬೇಸಿಗೆಯ ಚೀಲದಲ್ಲಿ ಮೆತ್ತಗಾಗುತ್ತದೆ. ಟ್ಯಾಬ್ಲೆಟ್‌ನಲ್ಲಿ ಬರೆಯುವವರನ್ನು ನಾನು ಟೀಕಿಸುವುದಿಲ್ಲ, ಬಯಲಿನ ಬಿಸಿಲಿಗೆ ಅವರಿಗೆ ಪರದೆ ಕಾಣುವುದಾದರೆ ಸಂತೋಷ.

ಕಾಗದ

ಇಷ್ಟು ಹೊತ್ತು ಹೇಳಿದ್ದೆಲ್ಲ ಕಾಗದ ಸರಿಯಿದ್ದರೆ ಮಾತ್ರ. ಹೊಸಬರು ಸಾಮಾನ್ಯವಾಗಿ ಒಳ್ಳೆಯ ಬಣ್ಣ, ಅಗ್ಗದ ಕಾಗದ ಕೊಳ್ಳುತ್ತಾರೆ. ಇದು ತಿರುವುಮುರುವು. ಅಗ್ಗದ ಬಣ್ಣ ಒಳ್ಳೆಯ ಕಾಗದದ ಮೇಲೆ ಹೇಗೋ ಮರ್ಯಾದೆ ಉಳಿಸಿಕೊಳ್ಳುತ್ತದೆ, ಒಳ್ಳೆಯ ಬಣ್ಣ ಶಾಲೆಯ ಡ್ರಾಯಿಂಗ್ ಪುಸ್ತಕದ ಹಾಳೆಯ ಮೇಲೆ ಸೊಟ್ಟಗಾಗಿ, ತಗ್ಗಿನಲ್ಲಿ ನಿಂತು, ಹಾಳೆ ಹಪ್ಪಳದಂತೆ ಏಳುತ್ತದೆ.

ಜಲವರ್ಣದ ಕಾಗದಕ್ಕೆ ನೀರನ್ನು ಕೂಡಲೇ ಹೀರದಂತೆ ಜೆಲಟಿನ್‌ನಂಥ ಅಂಟಿನ ಲೇಪ ಕೊಟ್ಟಿರುತ್ತಾರೆ. ಅದರ ತೂಕವನ್ನು ಜಿಎಸ್‌ಎಂ ಎಂಬ ಅಳತೆಯಲ್ಲಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳುತ್ತಾರೆ. 300 ಜಿಎಸ್‌ಎಂ ಆದರೆ ಚಿಕ್ಕ ಹಾಳೆ ಅಷ್ಟಾಗಿ ಏಳುವುದಿಲ್ಲ. ಮೈ ಮೂರು ಬಗೆ: ನುಣುಪಾದ ಹಾಟ್ ಪ್ರೆಸ್, ನಡುವಿನ ಕೋಲ್ಡ್ ಪ್ರೆಸ್, ಒರಟಾದ ರಫ್. ಬಂಡೆಯ ಕಣಕಣ ಕೂರಲು ತಗ್ಗು ದಿಣ್ಣೆ ಬೇಕು, ಆದ್ದರಿಂದ ಕೋಲ್ಡ್ ಪ್ರೆಸ್ ಅಥವಾ ರಫ್. ಪೆನ್ನಿನ ಗೆರೆ ಓಡಲು ನುಣುಪು ಬೇಕು, ಆದ್ದರಿಂದ ಹಾಟ್ ಪ್ರೆಸ್. ಎರಡೂ ಒಂದೇ ಹಾಳೆಯಲ್ಲಿ ಸಿಗುವುದಿಲ್ಲ. ಪೆನ್ನು ಹೆಚ್ಚು, ಬಣ್ಣ ಕಡಿಮೆ ಎನ್ನುವವರಿಗೆ 200 ಜಿಎಸ್‌ಎಂ ಆಸುಪಾಸಿನ ಮಿಕ್ಸೆಡ್ ಮೀಡಿಯಾ ಕಾಗದ ಒಂದು ರಾಜಿ. ಬಣ್ಣವೇ ಮುಖ್ಯ ಎನ್ನುವವರಿಗೆ ರಾಜಿ ಬೇಡ, ಹತ್ತಿಯ ನಾರಿನಿಂದಲೇ ಮಾಡಿದ ಕೋಲ್ಡ್ ಪ್ರೆಸ್ ಕೊಳ್ಳಲಿ, ಅದು ನೀರನ್ನು ಹೆಚ್ಚು ಹೊತ್ತು ಹಿಡಿದಿಟ್ಟು ನಮ್ಮ ಒಣಗಾಳಿಯಲ್ಲಿ ನಾಲ್ಕು ನಿಮಿಷ ಹೆಚ್ಚಿಗೆ ಕೊಡುತ್ತದೆ.

ಹತ್ತಿಯ ಕಾಗದ ದುಬಾರಿ ಎಂಬುದು ನಿಜ. ಹೊಲಿದ ಪುಸ್ತಕದ ಬದಲು 22×30 ಅಂಗುಲದ ಪೂರ್ಣ ಹಾಳೆ ತಂದು ಎರಡೂ ಕಡೆ ನಾಲ್ಕು ನಾಲ್ಕು ಭಾಗ ಮಾಡಿದರೆ 5.5×7.5 ಅಂಗುಲದ ಹದಿನಾರು ತುಂಡುಗಳಾಗುತ್ತವೆ. ಮಕ್ಕಳು ಪರೀಕ್ಷೆಗೆ ಒಯ್ಯುವ ಕ್ಲಿಪ್ ಇರುವ ಪ್ಯಾಡ್ ಇದೆಯಲ್ಲ, ಅದಕ್ಕೆ ನಾಲ್ಕೈದು ತುಂಡು ಸಿಕ್ಕಿಸಿದರೆ ಹಲಗೆಯೂ ಆಯಿತು, ಪುಸ್ತಕವೂ ಆಯಿತು, ತೊಡೆಯ ಮೇಲೆ ಅಲುಗದೆ ಕೂರುತ್ತದೆ. ಪುಸ್ತಕದ ಪರವಾಗಿ ಹೇಳಬೇಕಾದದ್ದೂ ಇದೆ: ಒಂದು ವರ್ಷದ ತಿರುಗಾಟ ಒಂದೇ ಕಡೆ ಇರುತ್ತದೆ, ಬಿಡಿ ಹಾಳೆ ಬೀರುವಿನಲ್ಲಿ ಚದುರುತ್ತದೆ.

ಜಾಗ ನೋಡಿ ಸಾಮಾನು

ನಂದಿಬೆಟ್ಟದ ಮೇಲೆ ಬೆಳಿಗ್ಗೆ ಜಲವರ್ಣ, ಇದರಲ್ಲಿ ನನಗೆ ಅನುಮಾನವಿಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ನಂದಿದುರ್ಗವನ್ನು ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು. ಆ ಸೈನ್ಯದ ಜತೆ ತಿರುಗಿದ ಇಂಗ್ಲಿಷ್ ಚಿತ್ರಕಾರ ರಾಬರ್ಟ್ ಹೋಮ್ ಮೈಸೂರು ಸೀಮೆಯ ಬೆಟ್ಟದ ಕೋಟೆಗಳನ್ನು ಸ್ಥಳದಲ್ಲೇ ಬರೆದುಕೊಂಡ. ಯುದ್ಧದ ನಡುವೆ ಬರೆದವನಿಗಿಂತ ನಮಗೆ ಅವಸರ ಕಡಿಮೆ, ಮಂಗಗಳ ಕಾಟ ಮಾತ್ರ ಹೆಚ್ಚಿರಬಹುದು. ಬಣ್ಣದ ಡಬ್ಬಿಯನ್ನು ತಿಂಡಿಯ ಡಬ್ಬಿ ಎಂದು ಅವು ತಿಳಿಯುತ್ತವೆ.

ಕೆಳಗೆ ಭೋಗನಂದೀಶ್ವರ ದೇವಸ್ಥಾನದಲ್ಲಿ ಪೆನ್ನು. ಕಂಬಗಳಿಗೆ 01 ಲೈನರ್, ನುಣುಪು ಕಾಗದ, ಎರಡು ಗಂಟೆ. ಅಲ್ಲಿಯ ಶೃಂಗಿತೀರ್ಥದ ಕಲ್ಯಾಣಿಗೆ ಹೋದರೆ ನಾಲ್ಕೂ ಕಡೆಯಿಂದ ಇಳಿಯುವ ಮೆಟ್ಟಿಲುಗಳ ಗೆರೆ ಪೆನ್ನಿಗೆ, ನಡುವಿನ ಹಸಿರು ನೀರು ಒಂದೇ ಎಳೆತದ ಬಣ್ಣಕ್ಕೆ. ಆ ದೇವಸ್ಥಾನ ಸಂರಕ್ಷಿತ ಸ್ಮಾರಕ. ಬಣ್ಣದ ನೀರನ್ನು ಕಲ್ಲಿನ ಮೇಲೆ ಚೆಲ್ಲದೆ ಬಾಟಲಿಯಲ್ಲಿಯೇ ವಾಪಸು ತರಬೇಕು. ಪೂಜೆಯ ಹೊತ್ತಿನಲ್ಲಿ ಜನ ಓಡಾಡುವ ದಾರಿ ಬಿಟ್ಟು ಕೂರುವುದು, ಅರ್ಚಕರಿಗೆ ಒಂದು ಮಾತು ಹೇಳುವುದು ವಾಡಿಕೆ.

ಗುಡಿಬಂಡೆಯ ಕೋಟೆಗೆ ಹತ್ತುವವರು ಹಗುರವಾಗಿರಬೇಕು. ಒಂದು ಲೈನರ್, ನಾಲ್ಕು ಬಣ್ಣ, ಒಂದು ಕುಂಚ. ರಂಗಸ್ಥಳ ಎಂಬ ಊರಿನ ರಂಗನಾಥನ ಗುಡಿಗೆ ಪೆನ್ಸಿಲ್ ಸಾಕಾಗುತ್ತದೆ, ಅಲ್ಲಿ ನೆರಳು ಮೃದು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬಾಲ್‌ಪೆನ್ನು ಬಿಟ್ಟು ಬೇರೇನೂ ಒಯ್ಯಬೇಡಿ. ಅಲ್ಲಿ ಯಾರೂ ಎರಡು ನಿಮಿಷ ಒಂದೇ ಕಡೆ ನಿಲ್ಲುವುದಿಲ್ಲ, ನೀರಿನ ಬಟ್ಟಲು ಇಡಲು ಜಾಗವಿಲ್ಲ, ಹರಾಜಿನ ಹೊತ್ತಿನಲ್ಲಿ ಅಡ್ಡ ನಿಂತರೆ ಬೈಗುಳವೂ ಸಿಗುತ್ತದೆ. ರಾಶಿ ಬಿದ್ದ ಗೂಡುಗಳು ಕಣ್ಣಿಗೆ ಬಣ್ಣದ ವಸ್ತುವಿನಂತೆ ಕಂಡರೂ ಅಲ್ಲಿ ಹಿಡಿಯಬೇಕಾದದ್ದು ಬಗ್ಗಿದ ಬೆನ್ನು, ಗೂಡನ್ನು ಅಲ್ಲಾಡಿಸಿ ಕಿವಿಗೆ ಹಿಡಿಯುವ ಕೈ. ಅವಕ್ಕೆ ವೇಗದ ಗೆರೆ ಬೇಕು. ಮುಖ ಬರೆಯುವ ಮುನ್ನ ಕೇಳಬೇಕು, ಬೇಡ ಎಂದರೆ ಪ್ಯಾಡ್ ಮುಚ್ಚಬೇಕು.

ಅದೇ ದಾರಿಯ ಒಂದು ಹಳ್ಳಿಯಲ್ಲಿ ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳನ್ನು ಹೊಲಿದ ಪುಸ್ತಕದಲ್ಲಿ ಬರೆಯುತ್ತಿದ್ದೆ. ಮನೆಯ ಯಜಮಾನರು ಸ್ಟೂಲು ತಂದುಕೊಟ್ಟು, ಮುಗಿಯುವ ತನಕ ಪಕ್ಕದಲ್ಲಿ ನಿಂತಿದ್ದರು. ಸುರುಳಿ ಎರಡು ಸುತ್ತು ಕಡಿಮೆಯಾಯಿತು ಎಂದು ಎಣಿಸಿ ತೋರಿಸಿದರು, ತಿದ್ದಿದೆ. ಕೊನೆಗೆ, "ಇದನ್ನ ಕೊಟ್ಟು ಹೋಗ್ತೀರಾ ಸಾರ್, ನಮ್ಮ ತಂದೆ ಕೈಯಾರೆ ಹೆಣೆದಿದ್ದು ಇವು, ಈಗ ಪ್ಲಾಸ್ಟಿಕ್‌ದು ಬಂದ್ಬಿಟ್ಟಿದೆ" ಎಂದರು. ಹಾಳೆಯ ಹಿಂಬದಿಯಲ್ಲಿ ಭೋಗನಂದೀಶ್ವರನ ಕಂಬವಿತ್ತು, ಹರಿದರೆ ಹೊಲಿಗೆ ಬಿಡುತ್ತಿತ್ತು. ಮುಂದಿನ ಸಲ ತರುತ್ತೇನೆ ಎಂದು ಹೇಳಿ ಬಂದೆ. ಮುಂದಿನ ವಾರ ಪರೀಕ್ಷೆಯ ಪ್ಯಾಡಿಗೆ ಬಿಡಿ ಹಾಳೆ ಸಿಕ್ಕಿಸಿಕೊಂಡು ಅದೇ ಬಸ್ಸು ಹಿಡಿದೆ, ಬಾಲ್‌ಪೆನ್ನಿನಲ್ಲೇ ಮತ್ತೊಮ್ಮೆ ಬರೆದು, ಸುತ್ತುಗಳನ್ನು ಅವರೆದುರೇ ಎಣಿಸಿ, ಕೊಟ್ಟು ಬಂದೆ.